ಭೂಕಂಪದ ಜಾಡು ಹಿಡಿದು ಲಿಸ್ಬನ್ ನೋಡಿದ್ದು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ನೌಕರಿ ಮಾಡುವ ಮಗಳ ಮನೆಯಲ್ಲಿ ಉಳಿದು, ಅಲ್ಲಿನ ಐತಿಹಾಸಿಕ ಸ್ಮಾರಕಗಳನ್ನು ಒಂಬತ್ತು ದಿನ ನೋಡಿಕೊಂಡು ಬಂದೆ. ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ, ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಹೇಳುತ್ತಲೇ ನಿವೃತ್ತನಾದ ನನಗೆ ಆ ನಗರ ಪೂರ್ತಿ ಅಪರಿಚಿತವೇನೂ ಆಗಿರಲಿಲ್ಲ. 1505ರ ಮಾರ್ಚಿನಲ್ಲಿ ಅಲ್ಲಿಂದ ಹಡಗು ಬಿಟ್ಟ ಫ್ರಾನ್ಸಿಸ್ಕೊ ದೆ ಅಲ್ಮೇಡಾ ಅದೇ ವರ್ಷ ನಮ್ಮ ಹೊನ್ನಾವರದ ಬಂದರಿಗೆ ಬಂದು ಅಲ್ಲಿದ್ದ ಹಡಗುಗಳನ್ನು ಸುಡಿಸಿದ ಕಥೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ.

ಮೊದಲ ಎರಡು ದಿನ ನಾನು ಮಾಡಿದ್ದು ತಪ್ಪು. ಎಲ್ಲರೂ ಹೋಗುವ ಜಾಗಗಳ ಪಟ್ಟಿ ಹಿಡಿದು, ಹತ್ತಿರವಿದ್ದದ್ದನ್ನು ಮೊದಲು, ದೂರದ್ದನ್ನು ಆಮೇಲೆ ನೋಡುತ್ತಾ ಹೋದೆ. 12ನೆಯ ಶತಮಾನದ ಚರ್ಚು, 1902ರಲ್ಲಿ ಕಟ್ಟಿದ ಕಬ್ಬಿಣದ ಸಾಂತಾ ಜುಸ್ತಾ ಲಿಫ್ಟು, 1960ರ ನಾವಿಕರ ಸ್ಮಾರಕ ಎಲ್ಲವೂ ತಲೆಯಲ್ಲಿ ಕಲಸಿಹೋದವು. ಎರಡನೆಯ ದಿನ ಸೋಮವಾರವಾಗಿತ್ತು. ಬೆಲೆಂ ಎಂಬ ಭಾಗದ ದೊಡ್ಡ ಸ್ಮಾರಕಗಳಿಗೆ ಅಂದು ರಜೆ ಎಂಬುದನ್ನು ವಿಚಾರಿಸಿಕೊಳ್ಳದೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಮರಳಿದೆವು. ಆ ರಾತ್ರಿ ನೋಟುಪುಸ್ತಕ ತೆಗೆದು ಪ್ರತಿಯೊಂದು ಸ್ಮಾರಕದ ಎದುರು, ಅದು 1755ರ ಭೂಕಂಪದಲ್ಲಿ ಬಿದ್ದದ್ದೋ, 1755ರ ನಂತರ ಎದ್ದದ್ದೋ, 1755ನ್ನು ದಾಟಿ ಉಳಿದದ್ದೋ ಎಂದು ಬರೆದುಕೊಂಡೆ. ಉಳಿದ ಏಳು ದಿನಗಳಲ್ಲಿ ಅದೇ ಕ್ರಮದಲ್ಲಿ ನಡೆದೆ. ಹೋಗುವವರಿಗೆಲ್ಲ ಈಗ ಇದೇ ಕ್ರಮವನ್ನು ಹೇಳುತ್ತಿದ್ದೇನೆ.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ, ಚರ್ಚುಗಳೆಲ್ಲ ಭಕ್ತರಿಂದ ತುಂಬಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಪ್ರಾಣ ಉಳಿಸಿಕೊಳ್ಳಲು ನದಿಯ ದಡಕ್ಕೆ ಓಡಿದವರ ಮೇಲೆ ಸುನಾಮಿಯ ನೀರು ನುಗ್ಗಿತು. ಹಬ್ಬಕ್ಕೆಂದು ಹಚ್ಚಿಟ್ಟ ಮೇಣದ ಬತ್ತಿಗಳಿಂದಲೂ ಮನೆಗಳ ಒಲೆಗಳಿಂದಲೂ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ನದಿಯ ಅಂಚಿನಲ್ಲಿದ್ದ ರಾಜನ ಅರಮನೆ ಅದರ ಗ್ರಂಥಭಂಡಾರದ ಸಮೇತ ನಾಶವಾಯಿತು.

ಈ ದಿನವನ್ನು ಮನಸ್ಸಿಗೆ ತಂದುಕೊಳ್ಳಲು ಮೊದಲು ಹೋಗಬೇಕಾದದ್ದು ಗುಡ್ಡದ ಮೇಲಿನ ಕಾರ್ಮೊ ಮಠಕ್ಕೆ. 1389ರಲ್ಲಿ ಸೇನಾನಿ ನೂನು ಆಲ್ವಾರೆಸ್ ಪೆರೇರ ಕಟ್ಟಿಸಲು ಆರಂಭಿಸಿದ ಈ ಚರ್ಚಿನ ಮಧ್ಯಾಂಗಣಕ್ಕೆ ಇಂದಿಗೂ ಮಾಡು ಇಲ್ಲ. ಒಳಗೆ ಕಾಲಿಟ್ಟರೆ ಎರಡೂ ಬದಿಯ ಕಂಬಗಳಿಂದ ಮೇಲೆದ್ದ ಕಲ್ಲಿನ ಕಮಾನುಗಳು ಬರಿಯ ಆಕಾಶವನ್ನು ಹೊತ್ತು ನಿಂತಿವೆ, ಕಾಲಡಿ ಹುಲ್ಲು ಬೆಳೆದಿದೆ. ಭೂಕಂಪದ ಮರುವರ್ಷವೇ ದುರಸ್ತಿ ಶುರುವಾಗಿ ಕೆಲವು ಕಮಾನುಗಳು ಎದ್ದವಾದರೂ, 1834ರಲ್ಲಿ ಮಠಗಳನ್ನೇ ರದ್ದು ಮಾಡಿದ್ದರಿಂದ ಕೆಲಸ ನಿಂತಿತು. ಆಮೇಲೆ ಜನರೇ ಅದನ್ನು ಹಾಗೆಯೇ ಇರಲೆಂದು ಬಿಟ್ಟರು. ನಮ್ಮಲ್ಲಾಗಿದ್ದರೆ ಕಾಂಕ್ರೀಟಿನ ಮಾಡು ಹಾಕಿ ಜೀರ್ಣೋದ್ಧಾರದ ಫಲಕ ನಿಲ್ಲಿಸುತ್ತಿದ್ದರೇನೋ ಎಂದು ನೆನೆದಾಗ, ಹಾಗೆ ಬಿಟ್ಟವರ ಬಗ್ಗೆ ಗೌರವ ಮೂಡಿತು. 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲೊ ಕೈತಾನೊ ಶರಣಾದದ್ದೂ ಇದೇ ಅಂಗಳದ ಪಕ್ಕದ ಪೊಲೀಸ್ ಪಾಳೆಯದಲ್ಲಿ.

ಅಲ್ಲಿಂದ ಇಳಿದು ರೊಸಿಯು ಚೌಕದ ಪಕ್ಕದ ಸಾವ್ ದೊಮಿಂಗೊಸ್ ಚರ್ಚಿಗೆ ಹೋದೆ. ಪ್ರವಾಸಿಗರು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. 1755ರಲ್ಲಿ ಕುಸಿದು, ಮತ್ತೆ ಎದ್ದು, 1959ರ ಆಗಸ್ಟಿನಲ್ಲಿ ಬೆಂಕಿಗೆ ಸಿಕ್ಕಿ ಒಳಗೆಲ್ಲ ಸುಟ್ಟಿತು. ಮಾಡನ್ನೇನೋ ಕಟ್ಟಿದ್ದಾರೆ, ಆದರೆ ಕಾವಿಗೆ ಬಿರಿದ ಕಂಬಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಒಂದು ಕಂಬದ ಮೇಲೆ ಕೈಯಿಟ್ಟು ನೋಡಿದೆ: ಕಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿತ್ತು, ಅಂಚುಗಳು ಮಾತ್ರ ಇಷ್ಟು ವರ್ಷಗಳ ಕೈಸವರಿಕೆಗೆ ನುಣ್ಣಗಾಗಿದ್ದವು. ಹೊರಗಿನ ಅಂಗಳದಲ್ಲಿ ಯೆಹೂದ್ಯರ ನಕ್ಷತ್ರ ಕೆತ್ತಿದ ಒಂದು ಕಲ್ಲಿದೆ. 1506ರಲ್ಲಿ ಈ ಚರ್ಚಿನಿಂದಲೇ ಆರಂಭವಾದ ಹತ್ಯಾಕಾಂಡದಲ್ಲಿ ಸತ್ತ ಯೆಹೂದ್ಯರ ನೆನಪಿಗೆ 2008ರಲ್ಲಿ ಅದನ್ನು ಇಟ್ಟರು. ತಮ್ಮ ಊರಿನ ಅಪರಾಧವನ್ನು ಅದು ನಡೆದ ಜಾಗದಲ್ಲೇ ಕಲ್ಲಿನಲ್ಲಿ ಬರೆದಿಟ್ಟದ್ದು ನನಗೆ ದೊಡ್ಡದಾಗಿ ಕಂಡಿತು.

ಆಮೇಲೆ ಎದ್ದು ನಿಂತದ್ದನ್ನು ನೋಡಲು ಬೈಶಾ ಎಂಬ ತಗ್ಗಿನ ಪೇಟೆಯಲ್ಲಿ ಎರಡು ದಿನ ಓಡಾಡಿದೆ. ಮಂತ್ರಿಯಾಗಿದ್ದ ಪೊಂಬಾಲ್‌ನ ಆಜ್ಞೆಯಂತೆ ಮಾನುಯೆಲ್ ದ ಮಾಯ ಮೊದಲಾದ ಎಂಜಿನಿಯರುಗಳು ಹಳೆಯ ಓಣಿಗಳನ್ನು ಅಳಿಸಿ, ನೇರವಾದ ಅಗಲ ಬೀದಿಗಳನ್ನು ಎಳೆದರು. ಮನೆಗಳ ಗೋಡೆಯೊಳಗೆ ಅಡ್ಡಡ್ಡ, ಓರೆಯೋರೆಯಾಗಿ ಬಿಗಿದ ಮರದ ಚೌಕಟ್ಟು ಇಟ್ಟು ಅದರ ಸುತ್ತ ಕಲ್ಲು ಗಾರೆ ತುಂಬುವ ಪದ್ಧತಿಯನ್ನು ತಂದರು. ಇದಕ್ಕೆ ಅಲ್ಲಿನವರು ಗೈಯೋಲಾ, ಅಂದರೆ ಪಂಜರ, ಎನ್ನುತ್ತಾರೆ. ನೆಲ ಅಲುಗಿದಾಗ ಗೋಡೆ ಬಿರುಕು ಬಿಟ್ಟರೂ ಪಂಜರ ಬಾಗಿ ಮತ್ತೆ ನಿಲ್ಲಬೇಕೆಂಬುದು ಅದರ ಉದ್ದೇಶ. ಇದನ್ನು ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಸುಲಭ. ಕೊರ್ರೀರೊಸ್ ಬೀದಿಯ ಒಂದು ಬ್ಯಾಂಕ್ ಕಟ್ಟಡದ ನೆಲದಡಿ ಅಗೆದು ತೆಗೆದ ಅವಶೇಷಗಳನ್ನು ಮಾರ್ಗದರ್ಶಕರು ಕರೆದೊಯ್ದು ತೋರಿಸುತ್ತಾರೆ. ಹಸಿಮಣ್ಣಿನೊಳಕ್ಕೆ ಬಡಿದು ಇಳಿಸಿದ ಮರದ ಗೂಟಗಳ ಮೇಲೆಯೇ ಈ ಪೇಟೆ ನಿಂತಿರುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಅದರ ಪಕ್ಕದಲ್ಲೇ ರೋಮನ್ನರು ಮೀನು ಉಪ್ಪು ಹಾಕುತ್ತಿದ್ದ ತೊಟ್ಟಿಗಳಿವೆ. ಕರಾವಳಿಯವರಿಗೆ ಅದರ ಬಳಕೆಯನ್ನು ವಿವರಿಸಬೇಕಾಗಿಲ್ಲ. ನದಿಯ ಎದುರಿಗಿರುವ ಪ್ರಾಸಾ ದು ಕೊಮೆರ್ಸಿಯು ಚೌಕದಲ್ಲಿ, ಹಳೆಯ ಅರಮನೆ ಇದ್ದ ಜಾಗದಲ್ಲಿ, ರಾಜ ಒಂದನೆಯ ಜೊಜೆ 1775ರಿಂದ ಕಂಚಿನ ಕುದುರೆಯ ಮೇಲೆ ಕುಳಿತಿದ್ದಾನೆ. ಭೂಕಂಪದ ಭಯಕ್ಕೆ ಕಲ್ಲಿನ ಕಟ್ಟಡವನ್ನೇ ತೊರೆದು ಡೇರೆ ಮತ್ತು ಮರದ ಮನೆಗಳಲ್ಲಿ ಬದುಕಿದ ರಾಜ ಅವನು.

ಗುಡ್ಡದ ಮೇಲಿನ ಕೋಟೆ ಮತ್ತು ಅದರ ಕೆಳಗಿನ ಅಲ್ಫಾಮಾ ಎಂಬ ಹಳೆಯ ಪೇಟೆಯ ಓಣಿಗಳಿಗೆ ಒಂದು ದಿನ ಸಾಕು. ಎಲ್ಲರೂ ಹತ್ತುವ 28ನೆಯ ನಂಬರಿನ ಟ್ರಾಮಿನಲ್ಲಿ ನೂಕುನುಗ್ಗಲು, ಜೇಬುಗಳ್ಳರ ಕಾಟ; ಫಿಗೇರಾ ಚೌಕದಿಂದ ಹೊರಡುವ 737ನೆಯ ನಂಬರಿನ ಚಿಕ್ಕ ಬಸ್ಸು ಕೋಟೆಯ ಬುಡದಲ್ಲೇ ಇಳಿಸುತ್ತದೆ. 1147ರಲ್ಲಿ ರಾಜ ಅಫೊನ್ಸೊ ಹೆನ್ರಿಕೆಸ್ ಮೂರ್ ಎಂದು ಕರೆಯುವ ಮುಸ್ಲಿಮರಿಂದ ಗೆದ್ದ ಕೋಟೆ ಇದಾದರೂ ಈಗ ಕಾಣುವ ಗೋಡೆಗಳ ಬಹುಭಾಗ 1938ರಿಂದ 1940ರವರೆಗಿನ ಜೀರ್ಣೋದ್ಧಾರದ್ದು; ಅದನ್ನು ತಿಳಿದೇ ನೋಡಬೇಕು. ಬೀದಿಗೆ ಹಾಸಿದ ಬಿಳಿಯ ಸುಣ್ಣಕಲ್ಲು ಸವೆದು ಜಾರುತ್ತದೆ. ರಬ್ಬರ್ ಅಟ್ಟೆಯ ಬೂಟು ಇಲ್ಲದೆ ಇಳಿಜಾರು ಇಳಿಯಬಾರದು.

ಕೊನೆಯ ಮೂರು ದಿನಗಳನ್ನು ಬೆಲೆಂಗೆ ಎತ್ತಿಟ್ಟಿದ್ದೆ. 15ನೆಯ ನಂಬರಿನ ಟ್ರಾಮು ಅಲ್ಲಿಗೆ ಹೋಗುತ್ತದೆ. ಭೂಕಂಪವನ್ನು ತಾಳಿಕೊಂಡು ಉಳಿದ ಜೆರೊನಿಮೊಸ್ ಮಠ ಅಲ್ಲಿದೆ. ಚರ್ಚಿಗೆ ಟಿಕೆಟ್ ಇಲ್ಲ, ಎರಡು ಅಂತಸ್ತಿನ ಒಳಾಂಗಣಕ್ಕೆ ಇದೆ. ಅದನ್ನು ಮುಂಚಿತವಾಗಿ ಕೊಂಡು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಾಲಿನಲ್ಲಿ ಬಿಸಿಲು ಕಾಯುವುದು ತಪ್ಪುತ್ತದೆ. ರಾಜ ಮಾನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಲು ತೊಡಗಿದಾಗ, ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದಿಂದ ಬಂದದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲನ್ನು ಇದಕ್ಕೆ ಎತ್ತಿಟ್ಟ. ಆ ತೆರಿಗೆಯ ಹೆಸರೇ ಮೆಣಸಿನ ಪಾಲು. ಹಡಗಿನ ಹಗ್ಗ, ಅದರ ಗಂಟು, ಗಿಡಬಳ್ಳಿಗಳನ್ನು ಕೆತ್ತಿದ ಆ ಕಲ್ಲಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಇಂದಿಗೂ ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು; ಅವಳ ಕಾಲ ಈ ಮಠ ಆರಂಭವಾದ ಮೇಲಿನದು, ಆದರೆ ಕಾಳು ಅದೇ, ದಾರಿ ಅದೇ. ಚರ್ಚಿನ ಬಾಗಿಲ ಬಳಿ ವಾಸ್ಕೊ ಡ ಗಾಮನ ಗೋರಿಯಿದೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅಸ್ಥಿ ಇಲ್ಲಿಗೆ ಬಂದದ್ದು 1880ರಲ್ಲಿ. ಎದುರಿಗೆ ಕವಿ ಕಮೋಯಿಂಶ್ ಮಲಗಿದ್ದಾನೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ನದಿಯಂಚಿನ ಬೆಲೆಂ ಗೋಪುರ. ದುರಸ್ತಿಗಾಗಿ ಮುಚ್ಚಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮುಚ್ಚಿದ್ದರೂ ಹೊರಗಿನಿಂದ ನೋಡಬೇಕಾದ ಒಂದು ಕೆತ್ತನೆ ಇದೆ. ಗುಜರಾತಿನ ಸುಲ್ತಾನ ಮುಜಫ್ಫರ್ ಕೊಟ್ಟ ಖಡ್ಗಮೃಗವೊಂದು ಗೋವೆಯಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದಾಗ ಈ ಗೋಪುರದ ಕೆಲಸ ನಡೆಯುತ್ತಿತ್ತು. ಮೂಲೆಯ ಕಾವಲುಗೂಡಿನ ಬುಡದಲ್ಲಿ ಕಲ್ಲುಕುಟಿಗರು ಅದರ ತಲೆಯನ್ನು ಕೆತ್ತಿಟ್ಟರು. ನಾವು ಮೊದಲ ದಿನ ಅದನ್ನು ಹುಡುಕಿ ಕಾಣದೆ, ಮರುದಿನ ನೀರು ಇಳಿತದಲ್ಲಿದ್ದಾಗ ಹೋದೆವು. ಮಗಳೇ ಮೊದಲು ಗುರುತಿಸಿ, “ಅಪ್ಪ, ಅಲ್ಲಿ ನೋಡಿ, ಕಿವಿ ಕಾಣಿಸ್ತಿದೆ” ಎಂದಳು. ಐನೂರು ವರ್ಷಗಳ ಉಪ್ಪುಗಾಳಿಗೆ ಸವೆದ ಮುಖ, ಮೊಂಡಾದ ಮೂತಿ. ನೀರು ಮತ್ತೆ ಏರಿ ನಿಂತ ಜಾಗಕ್ಕೆ ಬರುವವರೆಗೂ ನಾವು ಅಲ್ಲಿಯೇ ಇದ್ದೆವು.