ನಿಂತಲ್ಲೇ ನಡುಗುವ ಎಂಜಿನ್: ಎಲ್ಲಿಂದ ಹುಡುಕಬೇಕು?

ಗೇರು ನ್ಯೂಟ್ರಲ್‌ನಲ್ಲಿದೆ, ಕಾಲು ಆಕ್ಸಿಲರೇಟರ್ ಮೇಲಿಲ್ಲ. ಆದರೂ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ) ತೋರಿಸುವ ಮುಳ್ಳು ಮೇಲೆ ಕೆಳಗೆ ಆಡುತ್ತಿದೆಯೇ? ತಕ್ಷಣ ಹೊಸ ಸ್ಪಾರ್ಕ್ ಪ್ಲಗ್ ತರಲು ಓಡಬೇಡಿ. ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಜೇಬು ಖಾಲಿಯಾಗುತ್ತದೆ, ನಡುಕ ಮಾತ್ರ ಹಾಗೇ ಇರುತ್ತದೆ.

ಮೊದಲು ಮುಳ್ಳು ನೋಡಿ. ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ನಿಲ್ಲುತ್ತದೆ. ತಣ್ಣಗಿದ್ದಾಗ ಇನ್ನೂ ಜಾಸ್ತಿ ಇರುವುದು ಸಹಜ. ಮುಳ್ಳು ಅಲುಗದೆ ಕಾರು ಮಾತ್ರ ನಡುಗಿದರೆ, ಎಂಜಿನ್ ಮೌಂಟ್‌ನ, ಅಂದರೆ ಎಂಜಿನ್ ಹಿಡಿದಿಡುವ ಆಧಾರದ, ರಬ್ಬರ್ ಹರಿದಿರಬಹುದು.

ಮುಳ್ಳು ಆಡುತ್ತಿದ್ದರೆ ಸ್ವಲ್ಪ ರೇಸ್ ಮಾಡಿ. ಆಗ ಎಂಜಿನ್ ನಯವಾದರೆ ಗಾಳಿ ಸೋರಿಕೆಯ ಅನುಮಾನ ಬಲವಾಗುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಅದರ ಮಧ್ಯೆ ಬಿರುಕಿನಿಂದ ನುಗ್ಗುವ ಕಳ್ಳಗಾಳಿ ದೊಡ್ಡ ಪಾಲಾಗಿ, ಪೆಟ್ರೋಲ್‌ನ ಲೆಕ್ಕ ತಪ್ಪಿಸುತ್ತದೆ. ಬಾನೆಟ್ ಎತ್ತಿ 'ಸ್‌ಸ್' ಸದ್ದಿಗೆ ಕಿವಿಗೊಡಿ. ತೋಳು, ದುಪಟ್ಟಾ ಬೆಲ್ಟಿನಿಂದ ದೂರವಿರಲಿ. ತೆಳುವಾದ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ಹಿಡಿಯಿರಿ. ಒತ್ತಿದಾಗ ನಡುಕ ನಿಂತರೆ ಆ ಪೈಪನ್ನೂ ಅದರ ಕೊನೆಯನ್ನೂ ಪರೀಕ್ಷಿಸಿ. ಕೆಲವರು ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ನಾನಂತೂ ಬೇಡ ಅನ್ನುತ್ತೇನೆ.

ಪೈಪುಗಳೆಲ್ಲ ಸರಿಯಿದ್ದರೆ ಥ್ರಾಟಲ್ ಬಾಡಿಯ ಸರದಿ. ಎಂಜಿನ್‌ಗೆ ಹೋಗುವ ಗಾಳಿಯನ್ನು ಒಳಗಿನ ತಿರುಗುವ ತಟ್ಟೆಯಿಂದ ನಿಯಂತ್ರಿಸುವ ಭಾಗ ಇದು. ಇಗ್ನಿಷನ್ ಆಫ್ ಮಾಡಿ, ಗಾಳಿಯ ಕೊಳವೆ ಬಿಚ್ಚಿ. ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಿಂದ ತಟ್ಟೆಯ ಅಂಚಿನ ಕಪ್ಪು ಮಸಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಗೇರು ಹಾಳಾಗಬಹುದು. ಒರೆಸಿದ ಮೇಲೆ ಐಡಲ್ ಸ್ವಲ್ಪ ಹೊತ್ತು ಏರುಪೇರಾದರೆ ಗಾಬರಿ ಬೇಡ. ಕೆಲವು ಕಾರುಗಳಿಗೆ ಸ್ಕ್ಯಾನರ್‌ನಿಂದ ಐಡಲ್ ಅನ್ನು ಹೊಸದಾಗಿ ಕಲಿಸಬೇಕಾಗುತ್ತದೆ.

ಎಂಜಿನ್ ಲೈಟ್ ಉರಿಯುತ್ತಿದ್ದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡನ್ನು ಸ್ಕ್ಯಾನರ್‌ನಿಂದ ಓದಿಸಿ. ಪಿ0171 ಎಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ0301 ಎಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪಿ0301 ಬಂದು, ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇದ್ದರೆ ಒಂದು ಒಳ್ಳೆಯ ಉಪಾಯವಿದೆ, ಕಾಸೂ ಖರ್ಚಿಲ್ಲ. ಎಂಜಿನ್ ನಿಲ್ಲಿಸಿ ಒಂದನೇ ಮತ್ತು ಮೂರನೇ ಸಿಲಿಂಡರ್‌ನ ಕಾಯಿಲ್ ಅದಲುಬದಲು ಮಾಡಿ. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿ. ಈಗ ಪಿ0303, ಅಂದರೆ ಮೂರನೇ ಸಿಲಿಂಡರ್‌ನ ಮಿಸ್‌ಫೈರ್, ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ: ಅಲ್ಲಿಗೆ ಹಾಕಿದ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್ ಬಿಚ್ಚಿ ನೋಡಿ. ಅದೂ ಚೆನ್ನಾಗಿದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರ್‌ನೊಳಗಿನ ಒತ್ತಡ (ಕಂಪ್ರೆಷನ್) ಪರೀಕ್ಷಿಸುವುದು ಮೆಕ್ಯಾನಿಕ್ ಕೆಲಸ. ಲೈಟ್ ಮಿಟುಕುತ್ತಿದ್ದರೆ ಮಾತ್ರ ಕಾರು ಓಡಿಸಲೇಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧೀಕರಿಸುವ ಭಾಗ) ಸೇರಿ ಅದನ್ನೂ ಸುಟ್ಟುಹಾಕುತ್ತದೆ.