ಸುದ್ದಿಗೆ ವರ್ಷಕ್ಕೆ 365 ರೂಪಾಯಿ: ಸಾಗರದಲ್ಲಿ ನನ್ನ ಅನುಭವ

"ಮೊಬೈಲ್‌ನಲ್ಲಿ ಬರೋ ಸುದ್ದಿಗೆ ಯಾರು ದುಡ್ಡು ಕೊಡ್ತಾರೆ ಮಾರಾಯಾ" ಅಂತ ಜೊತೆಗಿದ್ದ ವರದಿಗಾರರೆಲ್ಲ ಹೇಳಿದ್ದರು. ಈಗ ಸಾಗರ ತಾಲೂಕಿನಲ್ಲಿ ಸುಮಾರು 700 ಮನೆಯವರು ಕೊಡುತ್ತಿದ್ದಾರೆ.

ಮೊದಲು ಎರಡು ಸಲ ಸೋತೆ. ವೆಬ್‌ಸೈಟಿಗೆ 40 ಸಾವಿರ ಹಾಕಿದೆ, ವರ್ಷವಿಡೀ ಜಾಹೀರಾತಿನಿಂದ ಬಂದದ್ದು 11 ಸಾವಿರದ ಆಸುಪಾಸು. ಆಮೇಲೆ ತಿಂಗಳಿಗೆ 49 ರೂಪಾಯಿ, ಕಾರ್ಡ್‌ನಿಂದ ತಾನಾಗೇ ಕಡಿತ. 90 ಜನ ಸೇರಿದ್ದರು. 2021ರ ಅಕ್ಟೋಬರ್‌ನಲ್ಲಿ ಕಾರ್ಡ್ ಕಡಿತಕ್ಕೆ ಹೊಸ ನಿಯಮ ಬಂತಲ್ಲ, ಮತ್ತೆ ಒಪ್ಪಿಗೆ ಕೊಡಿ ಅಂದರೆ ಯಾರಿಗೆ ಪುರುಸೊತ್ತು? 20 ಮಂದಿ ಉಳಿದರು.

ಆಗ ಒಂದು ಗಮನಿಸಿದೆ. ನನ್ನ ರಾಜಕೀಯ ವರದಿ ಬರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಡಿಕೆ ರೇಟ್ ಒಂದು ದಿನ ತಪ್ಪಿದರೆ ರಾತ್ರಿ ಎಂಟಕ್ಕೇ ಫೋನ್: "ತಮ್ಮಾ, ಇವತ್ತು ರಾಶಿ ಎಷ್ಟಾತು?"

ವೆಬ್‌ಸೈಟ್ ಬಿಟ್ಟು ವಾಟ್ಸಾಪ್ ಬ್ರಾಡ್‌ಕಾಸ್ಟ್ ಹಿಡಿದೆ. ಒಂದು ಲಿಸ್ಟಿಗೆ 256 ಜನ, ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ, ಹಾಗಾಗಿ ದುಡ್ಡು ತಗೊಳ್ಳುವಾಗಲೇ ನಾನೇ ಅವರ ಫೋನ್‌ನಲ್ಲಿ ಸೇವ್ ಮಾಡಿಕೊಡುತ್ತೇನೆ. ರಾಶಿ, ಚಾಲಿ, ಕೆಂಪುಗೋಟು ಅಂತ ಬಗೆಬಗೆ ಅಡಿಕೆಯ ರೇಟ್, ನಾಳೆ ಯಾವ ಫೀಡರ್‌ನಲ್ಲಿ, ಅಂದರೆ ಯಾವ ಕರೆಂಟ್ ಲೈನಿನಲ್ಲಿ, ಕರೆಂಟ್ ಇಲ್ಲ, ಮಳೆಗಾಲದಲ್ಲಿ ಲಿಂಗನಮಕ್ಕಿ ಡ್ಯಾಮ್ ತುಂಬೋ 1819 ಅಡಿಗೆ ಇನ್ನೆಷ್ಟು ಬಾಕಿ. ಜೊತೆಗೆ ನಗರಸಭೆಯ ಒಂದು ಗಟ್ಟಿ ವರದಿ. ಅದನ್ನು ಬಿಡಲಿಲ್ಲ, ಬಿಡುವುದೂ ಇಲ್ಲ. ಫೀಡರ್ ಮಾಹಿತಿ ನನಗೆ ಎಲ್ಲರಿಗಿಂತ ಮೊದಲು ಹೇಗೆ ಸಿಗುತ್ತೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ದೊಡ್ಡ ಪಾಠ ಕಲಿತದ್ದು ವರ್ಷದ 365 ರೂಪಾಯಿ ಯಾವಾಗ ಕೇಳಬೇಕು ಅನ್ನೋದರಲ್ಲಿ. ಮೊದಲ ಸಲ ಜೂನ್‌ನಲ್ಲಿ ಕೇಳಿದೆ, ಕೊಟ್ಟವರು ಮೂವತ್ತು ಚಿಲ್ಲರೆ. ಮಳೆಗಾಲದಲ್ಲಿ ತೋಟದವರ ಕೈ ಖಾಲಿ, ಅಲ್ವಾ? ಕೊನೆಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗುವಾಗ ಕೇಳಿದೆ, ಆರು ವಾರದಲ್ಲಿ 400 ಮನೆ. ಒಬ್ಬ ಅಜ್ಜ ಅಡಿಕೆಯ ಚೊಗರು ಹತ್ತಿ ಕಪ್ಪಾದ ಕೈಯಲ್ಲಿ 500ರ ನೋಟು ಕೊಟ್ಟು, "ಚಿಲ್ಲರೆ ಬ್ಯಾಡ, ರೇಟ್ ತಪ್ಸಬ್ಯಾಡ" ಅಂದರು. ಆ ನೋಟು ಇನ್ನೂ ಖರ್ಚು ಮಾಡಿಲ್ಲ.

ಮಧ್ಯೆ ಕಣ್ಣು ಮಂಜಾದವರಿಗೆ ಅಂತ ನಾಲ್ಕು ನಿಮಿಷದ ಆಡಿಯೋ ಶುರು ಮಾಡಿದೆ. ಅದನ್ನು ಜಾಸ್ತಿ ಕೇಳಿದ್ದು ಬೆಂಗಳೂರಿನಲ್ಲಿರುವ ಮಕ್ಕಳು! ಈಗ ಸುಮಾರು 150 ಮನೆಯ ದುಡ್ಡು ಅವರೇ ಯುಪಿಐನಲ್ಲಿ ಹಾಕುತ್ತಾರೆ, ಅಪ್ಪನ ಹೆಸರಿನಲ್ಲಿ. ಫಾರ್ವರ್ಡ್ ಮಾಡುವವರ ಮೇಲೆ ಮೊದಲು ರೇಗುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹೊಸಬರು ಬರುವುದೇ ಆ ದಾರಿಯಲ್ಲಿ.

ತಿಂಗಳಿಗೆ 21 ಸಾವಿರ ಬಿದ್ದ ಲೆಕ್ಕ, ಅದರಲ್ಲಿ ರೇಟ್ ತರಲು ಮಂಡಿಗೆ ಹೋಗುವ ಹುಡುಗನಿಗೆ 8 ಸಾವಿರ. ಹತ್ತರಲ್ಲಿ ಎಂಟು ಮನೆ ಎರಡನೇ ವರ್ಷವೂ ಕೊಟ್ಟವು. ಹೊಸನಗರದಲ್ಲಿ ಇನ್ನೂ ಶುರುವೇ ಮಾಡಿಲ್ಲ, 60 ಮನೆಯವರು ಆಗಲೇ ದುಡ್ಡು ಕೊಟ್ಟಾಗಿದೆ.