ಪರೀಕ್ಷೆಗೆ ಮೊದಲು ಹೆಸರು: ಸಾಗರದಿಂದ ಇಂಗ್ಲೆಂಡಿಗೆ ನರ್ಸ್ ಆಗಿ ಬಂದ ನನ್ನ ಅನುಭವ

ಊರ ಕಡೆಯಿಂದ ಯಾವ ನರ್ಸ್ ಫೋನ್ ಮಾಡಿದರೂ ಮೊದಲ ಪ್ರಶ್ನೆ ಇದೇ: "ಅಕ್ಕಾ, ಓಇಟಿಗೆ ಯಾವ ಕೋಚಿಂಗ್ ಒಳ್ಳೇದು?" ಓಇಟಿ ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇರುವ ಇಂಗ್ಲಿಷ್ ಪರೀಕ್ಷೆ. ಉತ್ತರ ಹೇಳುವ ಮೊದಲು ನಾನೇ ತಿರುಗಿ ಕೇಳುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ನಿನ್ನ ಹೆಸರು ಹೇಗಿದೆ? ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್‌ನಲ್ಲಿ ಹೇಗಿದೆ? ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ? ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಆಮೇಲೆ ಫೋನ್ ಮಾಡು ಅಂತೀನಿ. ಮೂರೂ ಒಂದೇ ಥರ ಇದೆ ಅಂತ ಹೇಳಿದವರು ತೀರಾ ಕಡಿಮೆ.

ನಾನು ಸಾಗರ ತಾಲ್ಲೂಕಿನವಳು. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. 2023ರಲ್ಲಿ ಇಂಗ್ಲೆಂಡಿಗೆ ಬಂದೆ. ಪರೀಕ್ಷೆಗಳನ್ನು ಓದಿ ಪಾಸು ಮಾಡಬಹುದು, ಅದು ನಮ್ಮ ಕೈಯಲ್ಲಿದೆ. ನನ್ನನ್ನು ಹೆಚ್ಚು ಅಲೆಸಿದ್ದು ಕಾಗದಪತ್ರ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಕಡೆ ಸರ್‌ನೇಮ್ ಅನ್ನುವುದೇ ಇಲ್ಲವಲ್ಲ. ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಮುಗೀತು. ನನ್ನ ಎಸ್ಎಸ್ಎಲ್‌ಸಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಡಿಪ್ಲೊಮಾದಲ್ಲಿ ಮುಂದೆ ಬಂತು. ಪಾಸ್‌ಪೋರ್ಟ್‌ನಲ್ಲಿ ಬರೀ ಇನಿಷಿಯಲ್ ಹಾಕಲು ಬಿಡುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ಅಪ್ಪನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿತು. ಜೊತೆಗೆ ಹುಟ್ಟಿದ ಊರಿನ ಜಿಲ್ಲೆ. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಶಿಮೊಗ' ಅಧಿಕೃತವಾಗಿ 'ಶಿವಮೊಗ್ಗ' ಆಯಿತು. ಅದಕ್ಕಿಂತ ಮೊದಲು ಓದಿದವರ ಕಾಗದಗಳಲ್ಲಿ ಹಳೇ ಸ್ಪೆಲ್ಲಿಂಗ್, ಆಮೇಲಿನದರಲ್ಲಿ ಹೊಸದು. ನಮಗೆ ಅದೇನು ದೊಡ್ಡ ವಿಷಯ ಅನ್ನಿಸುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಕಂಪ್ಯೂಟರ್ ಮುಂದೆ ಕೂತು ಫೈಲ್ ನೋಡುವವರಿಗೆ ಅದು ಎರಡು ಬೇರೆ ಊರು, ನಾನು ಎರಡು ಬೇರೆ ಹೆಂಗಸು.

ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಬುನಾದಿ ಅಂತ ತೀರ್ಮಾನ ಮಾಡಿಕೊಂಡೆ. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್ ಆದ ಎನ್ಎಂಸಿಯ ಅರ್ಜಿ, ಪರೀಕ್ಷೆಗಳ ಬುಕಿಂಗ್, ವೀಸಾ ಎಲ್ಲವೂ ಅದೇ ಹೆಸರಿನಲ್ಲಿ ನಡೆಯಬೇಕು. ಹಾಗಾಗಿ ನಮ್ಮ ಕರ್ನಾಟಕದ ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಹೆಸರು ತಿದ್ದಿಸಲು ಮೊದಲೇ ಅರ್ಜಿ ಹಾಕಿದೆ. ಹಳೇ ಮಾರ್ಕ್ಸ್ ಕಾರ್ಡುಗಳಿಗೆ, ಈ ಎರಡು ಹೆಸರೂ ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಿದೆ. ಶಿವಮೊಗ್ಗದ ಕೋರ್ಟಿನ ಹತ್ತಿರ ನೋಟರಿಗಳಿದ್ದಾರೆ, ಕೆಲಸ ಬೇಗ ಆಗುತ್ತದೆ. ಆದರೆ ಟೈಪ್ ಮಾಡುವವರು ಅವಸರದಲ್ಲಿ ಹೊಡೆಯುತ್ತಾರೆ. ಸಹಿ ಬೀಳುವ ಮೊದಲು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನಾನು ಹಾಗೆ ಓದುವಾಗಲೇ ಅಪ್ಪನ ಹೆಸರಿನಲ್ಲಿ ಒಂದು 'ಎ' ಜಾಸ್ತಿ ಇದ್ದದ್ದು ಸಿಕ್ಕಿತು.

ಇನ್ನೊಂದು ನಮ್ಮ ಮಲೆನಾಡಿನದೇ ತೊಂದರೆ. ಊರ ಮನೆಯಲ್ಲಿ ಅಟ್ಟದ ಟ್ರಂಕಿನಲ್ಲಿದ್ದ ನನ್ನ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದಿತ್ತು. ಪ್ಲಾಸ್ಟಿಕ್ ಕವರು ಒಳಗಿಂದ ಬೆವರಿ ಕಾಗದಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಶಾಯಿಯೇ ಎದ್ದು ಬರುವ ಹಾಗಿತ್ತು. ನೋಂದಣಿ ಸಂಖ್ಯೆ ಓದಲು ಬರುತ್ತಿತ್ತು, ಹುಟ್ಟಿದ ದಿನ ಅರ್ಧ ಮಾಸಿತ್ತು. ಶಾಲೆಯ ಮೂಲಕ ಬೋರ್ಡಿಗೆ ಅರ್ಜಿ ಕೊಟ್ಟು ನಕಲು ಪ್ರತಿ ತರಿಸಿದೆ. ಹೊರಗೆ ಹೋಗುವ ಯೋಚನೆ ಇರುವವರು ಈ ಮಳೆಗಾಲಕ್ಕೆ ಮೊದಲೇ ಟ್ರಂಕು ತೆಗೆದು ನೋಡಿ, ಒಳ್ಳೇ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಮೂಲ ಸರ್ಟಿಫಿಕೇಟುಗಳು ಕೈಯಲ್ಲಿ ಇಲ್ಲದೆ ಇರುವವರೂ ಬಹಳ ಜನ. ನಾನು ಕೆಲಸ ಮಾಡುತ್ತಿದ್ದ ಕಡೆ ಸೇರುವಾಗಲೇ ಒರಿಜಿನಲ್ ತೆಗೆದುಕೊಂಡು ಬಾಂಡ್ ಬರೆಸಿಕೊಂಡಿದ್ದರು. ಕೇಳಿದಾಗಲೆಲ್ಲ ನಾಳೆ, ನಾಡಿದ್ದು. ಕೊನೆಗೆ ಬಾಯಲ್ಲಿ ಕೇಳುವುದನ್ನು ಬಿಟ್ಟು ಬರವಣಿಗೆಯಲ್ಲಿ ಕೊಟ್ಟೆ, ಸ್ವೀಕೃತಿ ಸಹಿ ಹಾಕಿಸಿಕೊಂಡೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಜೊತೆಗೆ ಬಂದು ನಿಂತರು. ಆಮೇಲೆ ಕೊಟ್ಟರು. ಹುಡುಗಿಯರು ಹೆದರಿ ವರ್ಷಗಟ್ಟಲೆ ಸುಮ್ನೆ ಇರುತ್ತಾರೆ. ಹೆದರಬೇಡಿ. ಅದು ನೀವು ಓದಿ ಪಡೆದದ್ದು, ಯಾರದೋ ಬೀರುವಿನಲ್ಲಿ ಒತ್ತೆ ಇರಬೇಕಾದ್ದಲ್ಲ.

ಇಷ್ಟು ಸರಿಯಾದ ಮೇಲೆ ಪರೀಕ್ಷೆಯ ಮಾತು. ಇಂಗ್ಲಿಷಿಗೆ ಐಇಎಲ್‌ಟಿಎಸ್ ಅಥವಾ ಓಇಟಿ. ಐಇಎಲ್‌ಟಿಎಸ್‌ನಲ್ಲಿ ಓದುವುದು, ಕೇಳುವುದು, ಮಾತಾಡುವುದಕ್ಕೆ 7, ಬರೆಯುವುದಕ್ಕೆ 6.5 ಬೇಕು. ಓಇಟಿಯಲ್ಲಿ ಮೂರಕ್ಕೆ ಬಿ, ಬರವಣಿಗೆಗೆ ಸಿ ಪ್ಲಸ್. ನಾನು ಓಇಟಿ ತೆಗೆದುಕೊಂಡೆ, ಅದು ಆಸ್ಪತ್ರೆಯ ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ವಾರ್ಡಿನ ಮಾತು ಹತ್ತಿರ, ಪ್ರಬಂಧ ದೂರ. ಬರವಣಿಗೆಯಲ್ಲಿ ರೋಗಿಯ ಟಿಪ್ಪಣಿ ಕೊಡುತ್ತಾರೆ, ಅದನ್ನು ನೋಡಿ ಪತ್ರ ಬರೆಯಬೇಕು. ಸುಮಾರು 180ರಿಂದ 200 ಪದ. ಕಷ್ಟ ಇರುವುದು ಯಾವುದನ್ನು ಬಿಡಬೇಕು ಅನ್ನುವುದರಲ್ಲಿ. ಮನೆಗೆ ಹೋಗುವ ರೋಗಿಯ ಬಗ್ಗೆ ಕಮ್ಯುನಿಟಿ ನರ್ಸ್‌ಗೆ ಬರೆಯುವಾಗ ಹತ್ತು ವರ್ಷದ ಹಿಂದಿನ ಆಪರೇಷನ್ ಬೇಕಾ? ಗಾಯಕ್ಕೆ ಸಂಬಂಧ ಇದ್ದರೆ ಬೇಕು, ಇಲ್ಲದಿದ್ದರೆ ಬೇಡ. ಶಿಫ್ಟ್ ಬದಲಾಗುವಾಗ ನಾವು ಕೊಡುವ ಹ್ಯಾಂಡೋವರ್ ನೆನಪು ಮಾಡಿಕೊಳ್ಳಿ. ಮುಂದಿನವಳಿಗೆ ಬೇಕಾದ್ದನ್ನಷ್ಟೇ ಹೇಳುತ್ತೇವೆ ಅಲ್ವಾ, ಹಾಗೆ.

ಮಾತಿನ ಪರೀಕ್ಷೆಗೆ ನೈಟ್ ಡ್ಯೂಟಿಯ ಬಿಡುವಿನಲ್ಲಿ ಗೆಳತಿಯ ಜೊತೆ ಅಭ್ಯಾಸ ಮಾಡಿದೆ. ಅವಳು ಇಂಜೆಕ್ಷನ್ ಬೇಡ ಅಂತ ಹಟ ಮಾಡುವ ರೋಗಿ, ನಾನು ನರ್ಸ್. ಊರಲ್ಲಿ ಆಗಿದ್ದರೆ "ಏನೂ ಆಗಲ್ಲ ಅಮ್ಮಾ, ಸ್ವಲ್ಪ ಕೈ ಕೊಡಿ" ಅಂತ ಮುಗಿಸುತ್ತೇವೆ. ಅಲ್ಲಿ ಯಾಕೆ ಹೆದರಿಕೆ ಅಂತ ಕೇಳಬೇಕು, ಪೂರ್ತಿ ಕೇಳಿಸಿಕೊಳ್ಳಬೇಕು, ಆಮೇಲೆ ವಿವರಿಸಬೇಕು. ಆನ್‌ಲೈನ್ ಕ್ಲಾಸಿನ ದಿನಗಳಲ್ಲಿ ಊರ ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿದ್ದೇನೆ. ಆದ್ದರಿಂದ ತಯಾರಿಯ ಕಾಲಕ್ಕೆ ಶಿವಮೊಗ್ಗದಲ್ಲೋ ಸಾಗರದಲ್ಲೋ ರೂಮು ಮಾಡಿಕೊಂಡಿರುವುದು ಒಳ್ಳೇದು. ಒಂದೇ ವಿಭಾಗದಲ್ಲಿ ಸ್ವಲ್ಪದರಲ್ಲಿ ತಪ್ಪಿದವರು ಎದೆಗುಂದಬೇಡಿ. 2023ರ ಫೆಬ್ರವರಿಯಿಂದ ಒಂದೇ ಪರೀಕ್ಷೆಯನ್ನು ಎರಡು ಸಲ ಬರೆದ ಅಂಕ ಸೇರಿಸಲು 12 ತಿಂಗಳ ಅವಕಾಶ ಇದೆ. ಎನ್ಎಂಸಿಗೆ ಕೊಟ್ಟ ಇಂಗ್ಲಿಷ್ ಪರೀಕ್ಷೆ ವೀಸಾಕ್ಕೂ ನಡೆಯುತ್ತದೆ. ಬೇರೆ ಇಂಗ್ಲಿಷ್ ಪರೀಕ್ಷೆ ಬೇಕು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಸಿಬಿಟಿ ಅಂದರೆ ನರ್ಸಿಂಗ್ ತಿಳುವಳಿಕೆ ನೋಡಲು ಎನ್ಎಂಸಿ ಇಟ್ಟಿರುವ ಕಂಪ್ಯೂಟರ್ ಪರೀಕ್ಷೆ. ಬೆಂಗಳೂರಿನಲ್ಲಿ ಬರೆಯಬಹುದು, ಶುಲ್ಕ 83 ಪೌಂಡ್. ಲೆಕ್ಕದ ಭಾಗಕ್ಕೆ 15 ಪ್ರಶ್ನೆ, ನರ್ಸಿಂಗ್ ಭಾಗಕ್ಕೆ 100. ಡ್ರಿಪ್ ರೇಟ್, ಡೋಸ್ ಲೆಕ್ಕ ದಿನಾ ಮಾಡುವವರಿಗೆ ಮೊದಲ ಭಾಗ ಸುಲಭ. ಎರಡನೆಯದರಲ್ಲಿ ಇಂಗ್ಲೆಂಡಿನ ಕಾನೂನು, ರೋಗಿಯ ಒಪ್ಪಿಗೆ, ಗೌಪ್ಯತೆ ಇಂಥವು ಬರುತ್ತವೆ. ಎನ್ಎಂಸಿಯ ನೀತಿ ಸಂಹಿತೆಯನ್ನು ನಿಜವಾಗಿ ಓದಿ. ಅರ್ಜಿಗೆ 140 ಪೌಂಡ್ ಬೇರೆ. ನಮ್ಮ ನೋಂದಣಿ ಸರಿ ಇದೆ ಅನ್ನುವ ದೃಢೀಕರಣ ಕರ್ನಾಟಕದ ಕೌನ್ಸಿಲಿನಿಂದ ನೇರವಾಗಿ ಎನ್ಎಂಸಿಗೆ ಹೋಗುತ್ತದೆ, ನಾವು ಕೈಯಲ್ಲಿ ತೆಗೆದುಕೊಂಡು ಹೋಗಿ ಕೊಡುವಂಥದ್ದಲ್ಲ. ಹೆಸರು ಮೊದಲೇ ತಿದ್ದಿಸಬೇಕು ಅಂದದ್ದು ಇದಕ್ಕೇ.

ಕೆಲಸದ ಸಂದರ್ಶನ ವಿಡಿಯೋದಲ್ಲಿ ನಡೆಯಿತು. ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಹೇಗೆ ಗುರುತಿಸಿದೆ, ಏನು ಮಾಡಿದೆ ಅಂತ ಕೇಳಿದರು. ನಾನು ಮಂಗನ ಕಾಯಿಲೆಯ ರೋಗಿಯೊಬ್ಬರ ಬಗ್ಗೆ ಹೇಳಿದೆ. ತೋಟದ ಕೆಲಸದವರು, ಮೈಯಲ್ಲಿ ಉಣುಗು ಕಚ್ಚಿದ ಗುರುತು, ಜೋರು ಜ್ವರ, ವಸಡಿನಲ್ಲಿ ಸ್ವಲ್ಪ ರಕ್ತ. ನಾಡಿ, ಬಿಪಿ, ಪ್ರಜ್ಞೆ ನೋಡುವುದನ್ನು ಹೆಚ್ಚಿಸಿ, ಡಾಕ್ಟರಿಗೆ ರಾತ್ರಿಯೇ ಹೇಳಿ ಕರೆಸಿದ್ದನ್ನು ವಿವರಿಸಿದೆ. ಇದು 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದ ಕಾಯಿಲೆ ಅಂತಲೂ ಹೇಳಿದೆ. ಅವರು ಆಸಕ್ತಿಯಿಂದ ಕೇಳಿದರು. ಸಣ್ಣ ಊರಿನ ಅನುಭವ ಅಂತ ಕೀಳಾಗಿ ನೋಡಿಕೊಳ್ಳುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಾವು ನೋಡಿದ ರೋಗಿಗಳನ್ನು ದೊಡ್ಡ ಊರಿನವರು ನೋಡಿರುವುದಿಲ್ಲ.

ಏಜೆಂಟರ ವಿಷಯ. ಲಕ್ಷಗಟ್ಟಲೆ ಕೇಳಿದವರು ನನಗೂ ಸಿಕ್ಕಿದ್ದರು. ಬ್ರಿಟನ್ನಿನ ನೇಮಕಾತಿ ನಿಯಮದ ಪ್ರಕಾರ ಕೆಲಸ ಕೊಡಿಸಲು ನರ್ಸ್‌ನಿಂದ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ದೇಶದ ವಲಸೆ ನಿಯಮದಲ್ಲಿ ನೋಂದಾಯಿತ ಏಜೆಂಟರಿಗೂ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ ಮಿತಿ. ಇ-ಮೈಗ್ರೇಟ್ ಜಾಲತಾಣದಲ್ಲಿ ಲೈಸೆನ್ಸ್ ಇದೆಯಾ ನೋಡಬಹುದು. ನರ್ಸ್ ಕೆಲಸ ಅಂತ ಹೇಳಿ ಕೇರ್ ವರ್ಕರ್, ಅಂದರೆ ವಯಸ್ಸಾದವರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಸಹಾಯಕರ, ಕೆಲಸದ ವೀಸಾ ತೋರಿಸಿದವರ ಕಥೆ ನನ್ನ ಪರಿಚಯದವರಲ್ಲೇ ಇದೆ. ಅಡಿಕೆ ತೋಟ ಅಡ ಇಟ್ಟು ದುಡ್ಡು ಕಟ್ಟಿದ ಮನೆಗಳಿವೆ. 2024ರ ಮಾರ್ಚ್‌ನಿಂದ ಹೊಸದಾಗಿ ಬರುವ ಕೇರ್ ವರ್ಕರ್‌ಗಳು ಗಂಡ, ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. 2025ರ ಜುಲೈಯಿಂದ ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ಕರೆಸುವುದೇ ನಿಂತಿದೆ. ಈಗ ಯಾರಾದರೂ ಅದನ್ನು ತೋರಿಸಿದರೆ ಎದ್ದು ಬನ್ನಿ.

ಕೆಲಸ ಖಾತ್ರಿಯಾದ ಮೇಲೆ ಆಸ್ಪತ್ರೆಯವರು ಪ್ರಾಯೋಜಕತ್ವ ಪತ್ರ ಕೊಡುತ್ತಾರೆ, ಎಲ್ಲರೂ ಸಿಒಎಸ್ ಅಂತಾರೆ. ಅದು ಬಂದ 3 ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ 6 ತಿಂಗಳು ನಡೆಯುತ್ತದೆ. ಪೊಲೀಸ್ ಕ್ಲಿಯರೆನ್ಸ್ ಹಳೆಯದಾದರೆ ನಡೆಯುವುದಿಲ್ಲ. ಅದಕ್ಕೇ ನಾನು ಅವಧಿ ಇಲ್ಲದ ಕಾಗದಗಳನ್ನು ಮೊದಲು ಮುಗಿಸಿ, ಅವಧಿ ಇರುವುದನ್ನೆಲ್ಲ ಕೊನೆಗೆ ಇಟ್ಟುಕೊಂಡೆ. 2022ರ ಸೆಪ್ಟೆಂಬರಿನಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಪೊಲೀಸ್ ಕ್ಲಿಯರೆನ್ಸ್‌ಗೆ ಅರ್ಜಿ ಹಾಕಬಹುದು, ನನ್ನದು ಶಿವಮೊಗ್ಗದಲ್ಲೇ ಆಯಿತು. ಟಿಬಿ ಪರೀಕ್ಷೆ, ಬೆರಳಚ್ಚು ಎರಡಕ್ಕೂ ಬೆಂಗಳೂರು. ಜನಶತಾಬ್ದಿಯಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ನರ್ಸ್‌ಗಳಿಗೆ ಇರುವುದು ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ. ಹೆಸರಿನಲ್ಲಿ ಕೇರ್ ವರ್ಕರ್ ಅಂತ ಇದ್ದರೂ ಅದರಲ್ಲಿ ನಾವು ಬರುವುದು ನರ್ಸ್ ಕೆಲಸಕ್ಕೇ. ಬೇರೆ ಕೆಲಸದವರು ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟುತ್ತಾರೆ, ನಮಗೂ ನಮ್ಮ ಕುಟುಂಬಕ್ಕೂ ಅದು ಇಲ್ಲ.

ವೀಸಾ ಸಿಕ್ಕಿದರೆ ನರ್ಸ್ ಆದ ಹಾಗಲ್ಲ. ಇಲ್ಲಿಗೆ ಬಂದ ಮೇಲೆ ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ. ಕೆಲಸಕ್ಕೆ ಸೇರಿದ 12 ವಾರದೊಳಗೆ ಮೊದಲ ಸಲ ಕೂರಬೇಕು, 8 ತಿಂಗಳೊಳಗೆ ಪಾಸಾಗಬೇಕು. ಹತ್ತು ಸ್ಟೇಷನ್, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸುವ ಹತ್ತು ಹಂತ. ಶುಲ್ಕ 794 ಪೌಂಡ್, ನನ್ನ ಆಸ್ಪತ್ರೆಯವರೇ ಕಟ್ಟಿದರು. ಅಲ್ಲಿಯವರೆಗೆ ಸಂಬಳ ಕೆಳಗಿನ ಬ್ಯಾಂಡಿನದು, ಬ್ಯಾಂಡ್ ಅಂದರೆ ಸಂಬಳದ ಶ್ರೇಣಿ. ನೋಂದಣಿ ಸಂಖ್ಯೆ ಬಂದ ಮೇಲೆ ನರ್ಸ್‌ಗಳ ಬ್ಯಾಂಡ್ 5.

ಆಸ್ಕಿಯಲ್ಲಿ ನನಗೆ ಕಷ್ಟವಾದದ್ದು ಮಾಡುವ ಕೆಲಸ ಅಲ್ಲ, ಬಾಯಿಬಿಟ್ಟು ಹೇಳುತ್ತಾ ಮಾಡುವುದು. ಔಷಧಿ ಕೊಡುವ ಸ್ಟೇಷನ್ನಿನಲ್ಲಿ ಕೈ ತೊಳೆದು, ರೋಗಿಯ ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಕೇಳಿ, ಕೈಪಟ್ಟಿಯ ಜೊತೆ, ಆಮೇಲೆ ಚಾರ್ಟಿನ ಜೊತೆ ಹೋಲಿಸಬೇಕು. ಅಲರ್ಜಿ ಇದೆಯಾ ಕೇಳಬೇಕು, ಇದ್ದರೆ ಏನಾಗುತ್ತದೆ ಅಂತಲೂ ಕೇಳಬೇಕು. ಇದನ್ನು ಬಿಟ್ಟರೆ ಉಳಿದದ್ದು ಎಷ್ಟು ಚೆನ್ನಾಗಿ ಮಾಡಿದರೂ ಫೇಲ್. ತುಂಬಿದ ವಾರ್ಡಿನಲ್ಲಿ ಮುಖ ನೋಡಿ "ಅಜ್ಜಿ, ಮಾತ್ರೆ ತಗೊಳಿ" ಅಂದು ರೂಢಿಯಾದ ನಮಗೆ ಇದು ಮೈಗೂಡಲು ಹೊತ್ತು ಹಿಡಿಯುತ್ತದೆ. ಊರಲ್ಲಿ ಇರುವಾಗಲೇ ಶುರು ಮಾಡಿ. ನಿಮ್ಮ ಈಗಿನ ರೋಗಿಗೂ ಅದು ಒಳ್ಳೇದೇ.

ಅಮೆರಿಕಾ ಯಾಕೆ ಬೇಡ ಅಂದೆ ಅಂತ ಕೇಳುತ್ತಾರೆ. ಅಲ್ಲಿ ನರ್ಸ್‌ಗಳಿಗೆ ಗ್ರೀನ್ ಕಾರ್ಡ್ ದಾರಿ ಇದೆ. ಆದರೆ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ ಇರುವುದರಿಂದ ಭಾರತದವರ ಸಾಲು ಹತ್ತು ವರ್ಷಕ್ಕೂ ಉದ್ದ. ಅಷ್ಟು ಕಾಯುವ ವಯಸ್ಸು ನನ್ನದಾಗಿರಲಿಲ್ಲ. ಇಂಗ್ಲೆಂಡಿನಲ್ಲೂ 2024ರಿಂದ ಹೊರದೇಶದ ನರ್ಸ್‌ಗಳ ನೇಮಕ ಬಹಳ ಇಳಿದಿದೆ. ಸಿಬಿಟಿ, ಓಇಟಿ ಎರಡಕ್ಕೂ ಎರಡೇ ವರ್ಷದ ಆಯಸ್ಸು. ಹಾಗಾಗಿ ಈಗ ಹೊರಡುವವರು ಕಾಗದ ಸರಿಮಾಡಿಕೊಂಡು, ಕೆಲಸದ ಅವಕಾಶಗಳನ್ನು ನೋಡುತ್ತಾ ಪರೀಕ್ಷೆಯ ದಿನ ಬುಕ್ ಮಾಡಿ. ಪಾಸಾಗಿ ಅವಧಿ ಮುಗಿಯುವುದನ್ನು ನೋಡುತ್ತಾ ಕೂರುವುದು ಬಹಳ ನೋವಿನ ವಿಷಯ, ಗೆಳತಿಯರಲ್ಲಿ ಕಂಡಿದ್ದೇನೆ.

ಮದುವೆಯಾದವರಿಗೆ ಒಂದು ಮಾತು. ನಮ್ಮಲ್ಲಿ ದೇವಸ್ಥಾನದಲ್ಲಿ ಮದುವೆಯಾಗಿ ಅಲ್ಲಿಗೆ ಬಿಟ್ಟವರೇ ಜಾಸ್ತಿ. ಗಂಡನ ವೀಸಾಕ್ಕೆ ಲಗ್ನಪತ್ರಿಕೆ, ಫೋಟೊ ಸಾಲುವುದಿಲ್ಲ, ವಿವಾಹ ನೋಂದಣಿ ಪತ್ರ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ಮಾಡಿಸುವಾಗಲೂ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆಸಿ. ಕನ್ನಡದಲ್ಲಿ ಮಾತ್ರ ಇರುವ ಕಾಗದ ಇದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿಡಿ. ನಮ್ಮವರ ಅರ್ಜಿ ನಾನು ಇಲ್ಲಿ ಆಸ್ಕಿ ಪಾಸಾದ ಮೇಲೆ ಹಾಕಿದೆವು. ಕಾಗದ ಎಲ್ಲ ತಯಾರಿದ್ದದ್ದರಿಂದ ಯಾವ ಪ್ರಶ್ನೆಯೂ ಬರದೆ ವೀಸಾ ಆಯಿತು.